ಗ್ರಹಬಾಕನ ಕಿವಿ

ಸಿನಿಮಾ ಕೆಟ್ಟದ್ದೇ, ಅದ್ರಲ್ಲಿ ಎರಡು ಮಾತಿಲ್ಲ. 'ಧೂಮಲೋಕ' ಮೂರನೇ ಭಾಗ ಚೆನ್ನಾಗೈತೆ ಅಂತ ಅದು ಬಂದ ಕಾಲದಲ್ಲಿ ಒಂದು ನರಪಿಳ್ಳೇನೂ ಹೇಳಿರ್ಲಿಲ್ಲ. ಈಗ ಮೂವತ್ತು ವರ್ಷ ಆದ್ಮೇಲೆ ಬೆಂಗ್ಳೂರಿನ ಹುಡುಗ್ರು ಅದನ್ನೇ ತಲೆ ಮೇಲೆ ಹೊತ್ಕೊಂಡವ್ರೆ, ಯಾರಿಗೂ ಅರ್ಥ ಆಗ್ದೇ ಹೋದ ಚಿತ್ರ ಅಂತವ್ರೆ, ಹೊತ್ಕೊಳ್ಳಿ ಬುಡು. ಮರುಳಸಿದ್ದಯ್ಯಂಗೆ ಆ ಉಸಾಬರಿ ಬೇಕಾಗಿರ್ಲಿಲ್ಲ. ಮಧ್ಯಾಹ್ನ ತಿಪಟೂರಿನ ಹಳೇ ಟಾಕೀಸಲ್ಲಿ, ಅಂದ್ರೆ ಈಗ ದಯಾನಂದ್ ಅನ್ನೋ ವ್ಯಾಪಾರಿ ಕೊಬ್ಬರಿ ಮೂಟೆ ತುಂಬ್ಕೊಂಡಿರೋ ಗೋಡೌನಲ್ಲಿ, ಅದನ್ನ ಮತ್ತೆ ಹಾಕ್ತಾರೆ. ಹಾಕ್ದಾಗ ಪಕ್ಕದಲ್ಲಿ ಕೂತಿರೋ ಹೆಂಡ್ತಿ ಮತ್ತೆ ನಗ್ತಾಳೋ, ಇಲ್ವೋ. ಅವ್ನಿಗೆ ಬೇಕಾಗಿದ್ದು ಅಷ್ಟೇ. ನಗಬಾರ್ದು ಅಂತ ಅವಳಿಗೆ ಬಾಯ್ಬಿಟ್ಟು ಹೇಳಕ್ಕೂ ಆಗ್ದು, ಹೇಳಿದ್ರೆ ಇಷ್ಟು ವರ್ಷ ಅದನ್ನೇ ಹೊಟ್ಟೇಲಿ ಇಟ್ಕೊಂಡಿದ್ದ ಅಂತ ಗೊತ್ತಾಗೋಯ್ತದೆ.

ಬೆಳಿಗ್ಗೆ ಹಾಲ್ಕುರಿಕೆ ಮನೆ ಜಗಲಿ ಮೇಲೆ ಕನ್ನಡಿ ಇಟ್ಕೊಂಡು ಗಡ್ಡ ಕೆರ್ಕೋತಿದ್ದ, ಬಲಗಿವಿ ಹತ್ರ ಬಂದಾಗ ಕೈ ನಿಂತೋಯ್ತು. ಇದೇ ಕಿವಿ. ಅವತ್ತು ಶೂಟಿಂಗಲ್ಲಿ ಹಾಕಿದ್ದು ರಬ್ಬರಿನ ಮುಖವಾಡ, ಹುಣಸೆಹಣ್ಣು ಕಿವುಚಿ ಮೆತ್ತಿದಂಗಿತ್ತು, ಅದರೊಳಗೆ ಸ್ವಂತ ಉಸಿರು ಬಿಟ್ರೆ ಇನ್ನೇನೂ ಕೇಳ್ತಿರ್ಲಿಲ್ಲ. ನೀವು 'ಆಕ್ಷನ್' ಅಂದಿದ್ದೂ ಗೊತ್ತಾಗಲ್ಲ ಸಾರ್ ಅಂದಿದ್ದಕ್ಕೆ ಡೈರೆಕ್ಟ್ರು ಸೂರ್ಯಪ್ರಕಾಶ್ ತಾವೇ ಬ್ಲೇಡ್ ತಗೊಂಡು ಬಲಗಡೆ ಒಂದು ತೂತು ಕೊಯ್ದಿದ್ರು, ಕೊಯ್ವಾಗ 'ಕಿವಿ ಹುಷಾರು ಕಣ್ರೀ, ನಿಮಗೆ ಇನ್ನೂ ಬೇಕಾಗ್ತದೆ' ಅಂದಿದ್ರು. ಆ ತೂತು ಕೊಯ್ಯದೇ ಇದ್ದಿದ್ರೆ. ಅಲ್ಲಿಂದ ಮುಂದಕ್ಕೆ ಅವನ ತಲೆ ಹೋಗಲ್ಲ, ಪ್ರತಿ ಸಲ ಅಲ್ಲಿಗೇ ಬಂದು ಕೂತ್ಕತದೆ, ಮೊಂಡ ಎತ್ತಿನಂಗೆ. ಒಳಗಿಂದ ಮೀನಾಕ್ಷಮ್ಮ ಕೂಗಿದ್ಲು, 'ಬಿಳೀ ಷರಟು ತೆಗೆದಿಟ್ಟಿದೀನಿ ಕಣ್ರೀ, ಅದನ್ನೇ ಹಾಕ್ಕೊಳ್ಳಿ, ಫೋಟೋ ತೆಗೀತಾರಂತೆ.'

'ಯಾರ್ದು, ನಂದಾ, ಆ ರಾಕ್ಷಸ ಗ್ರಹಬಾಕಂದಾ?'

'ಇಬ್ರೂ ಒಬ್ರೇ ತಾನೆ.'

ಅಂದಾಗ ನಕ್ಲಾ? ಗೋಡೆ ಅಡ್ಡ ಇತ್ತು, ಕಾಣಲಿಲ್ಲ. ಅವನು ಉಸಿರು ಹಿಡ್ಕೊಂಡು ಕೇಳಿಸ್ಕೊಂಡ. ಪೆಟ್ಟಿಗೆ ಮುಚ್ಚಿದ ಸದ್ದು, ಬಳೆ ಸದ್ದು. ಈ ಹಾಳು ಸವಾರಿ ಗಂಟು ಹಾಕಿದ್ದೂ ಅವಳೇ. ಹೋದ ತಿಂಗಳು ಧನ್ಯಶ್ರೀ ಅಂತ ಒಂದು ಹುಡುಗಿ ಫೋನ್ ಮಾಡಿ 'ಸಾರ್, ನೀವೇ ಅಲ್ವಾ ಗ್ರಹಬಾಕ?' ಅಂತ ಕೇಳಿದ್ಲು. ಆ ಹೆಸರನ್ನ ಮಾರ್ಕೆಟ್ಟಲ್ಲಿ ರೇಗಿಸೋಕೆ ಬಿಟ್ರೆ ಯಾರೂ ಬಾಯಲ್ಲಿ ತೆಗೀತಿರ್ಲಿಲ್ಲ, ಇವಳ್ಯಾವಳೋ ಅಂತ ಕಟ್ ಮಾಡಿಬಿಟ್ಟ. ಅವಳು ತಾನು ಸೂರ್ಯಪ್ರಕಾಶ್ ಮಗಳು ಅಂತ ಹೇಳೋಷ್ಟು ಹೊತ್ತು ಕೊಡಲಿಲ್ಲ. ಮೀನಾಕ್ಷಮ್ಮ ಹಿತ್ಲಿಗೆ ಹೋಗಿ ವಾಪಸ್ ಮಾಡಿ, ಮಾತಾಡಿ, ಬತ್ತೀವಿ ಅಂತ ಒಪ್ಕೊಂಡು ಬಂದವಳು. ಸೂರ್ಯಪ್ರಕಾಶ್ ತೀರ್ಕೊಂಡ್ರಂತೆ ಅಂತಾನೂ ಅವಳೇ ಹೇಳಿದ್ದು. ಮರುಳಸಿದ್ದಯ್ಯ ಎದ್ದು ಹೋದ. ಅಟ್ಟ ಹತ್ತಿ ಕತ್ತಲಾಗೋವರ್ಗೂ ಕಾಯಿ ವಿಂಗಡಿಸ್ದ.

ಈಗ ಸಿನಿಮಾ ವಿಚಾರ. ಮೊದ್ಲನೇ ಭಾಗ ಬಂದಾಗ ನಮ್ಮ ಕಡೆ ಜನ ಟ್ರ್ಯಾಕ್ಟರ್ ಕಟ್ಕೊಂಡು ಬಂದು ನೋಡಿದ್ರು, ಅದ್ರಲ್ಲಿ ಸುಳ್ಳಿಲ್ಲ. ಆಕಾಶದಿಂದ ಒಂದು ರಾಕ್ಷಸ, ಗ್ರಹಬಾಕ ಅಂತ, ಒಂದೊಂದು ಲೋಕನೂ ಉಂಡೆ ಮಾಡಿ ಕೈಲಿ ಹಿಡ್ಕೊಂಡು ಪುಡಿ ಮಾಡ್ತಾ ಬತ್ತಾನೆ. ಎರಡನೇ ಭಾಗದಲ್ಲಿ ಚಂದ್ರನ ಪುಡಿ ಮಾಡ್ದ. ಮೂರನೇದ್ರಲ್ಲಿ ಭೂಮಿ ಸರದಿ, ಹೀರೋ ಅವನ ಮೇಲೆ ಬಿದ್ದು ಉಳಿಸ್ಬೇಕು, ಊರೂರೇ ಕಾದಿತ್ತು. ಆದ್ರೆ ಮೂರನೇದಕ್ಕೆ ಬರೋವಷ್ಟರಲ್ಲಿ ಯಾರ ಹತ್ರಾನೂ ಏನೂ ಉಳಿದಿರ್ಲಿಲ್ಲ. ರಾಕೆಟ್ಟು ಎಣ್ಣೆ ಡಬ್ಬ ಅಂತ ಕುರುಡಂಗೂ ಗೊತ್ತಾಗ್ತಿತ್ತು. ಹೀರೋ ಅರ್ಧ ಸಿನಿಮಾ ಒಂದೇ ಬಂಡೆಗೆ ಒರಗಿ ಮಾತಾಡ್ತಾನೆ. ಗ್ರಹಬಾಕ ಆಗಿದ್ದ ಪೈಲ್ವಾನ ಬರಲ್ಲ ಅಂದ. ಸೂರ್ಯಪ್ರಕಾಶ್ ಬೋರನಕಣಿವೆ ಕೆರೆ ಒಣಗಿದ್ದ ಬೇಸಿಗೇಲಿ, ಬಿರುಕು ಬಿಟ್ಟ ಅದರ ಒಡಲನ್ನೇ ಅನ್ಯಲೋಕ ಅಂತ ಇಟ್ಕೊಂಡು, ಪೈಲ್ವಾನನ ಅಂಗಿ ಹಿಡಿಸೋ ಅಂಥ ಆಳು ಹುಡುಕ್ತಾ ಹುಳಿಯಾರಿಗೆ ಬಂದ್ರು. ಮರುಳಸಿದ್ದಯ್ಯ ಬಾಗಿಲಲ್ಲಿ ತಲೆ ಬಗ್ಗಿಸ್ಕೊಂಡು ಬರೋ ಎತ್ತರ. ಭಾವಮೈದನ ಮನೇಗೆ ಹೋಗಿದ್ದೋನು ಸಿಕ್ಕಿಬಿದ್ದ. ಮಾತು ಇಲ್ಲ ಕಣ್ರೀ, ನಡೆದ್ರೆ ಸಾಕು, ಕೊನೇಲಿ ಭೂಮಿ ಎತ್ಕೊಂಡು ಒಡೀಬೇಕು ಅಂದ್ರು. ಭೂಮಿಗೆ ಏನ್ ಮಾಡ್ತೀರಿ ಅಂತ ಇವನು ಕೇಳಿದ್ರೆ, ತಂದಿದ್ದ ಗೋಳ ಲಾರೀಲಿ ಚಪ್ಪಟೆ ಆಗೈತೆ, ಗುಂಡಗಿರೋ ಒಂದು ತೆಂಗಿನಕಾಯಿ ತರ್ತೀರಾ ಅಂದ್ರು.

ತಂದ. ಭಾವಮೈದನ ಅಟ್ಟದಿಂದ ಕೈಗೆ ಸಿಕ್ಕಿದ್ದ ಗುಂಡು ಕಾಯಿ. ಅದಕ್ಕೆ ಬೆಳ್ಳಿ ಬಣ್ಣ ಬಳಿದ್ರು. ನೋಡಿ, ನಮ್ಮ ಕಡೆ ಕಾಯಿ ಇಳಿಸಿದ ತಕ್ಷಣ ಒಡಿಯಲ್ಲ, ಅಟ್ಟದ ಮೇಲೆ ವರ್ಷಗಟ್ಟಲೆ ಮಲಗುಸ್ತೀವಿ, ಒಳಗಿನ ನೀರು ತಾನಾಗೇ ಇಂಗಬೇಕು, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆ ಆಗ್ಬೇಕು. ಆಗೈತಾ ಇಲ್ವಾ ಅಂತ ನೋಡೋಕೆ ಕಣ್ಣು ಬೇಕಾಗಿಲ್ಲ, ಕಿವಿ ಹತ್ರ ಹಿಡ್ಕೊಂಡು ಅಲ್ಲಾಡಿಸ್ತೀವಿ. ಗಡಗಡ ಅಂದ್ರೆ ಒಡೀಬೋದು. ತಳಕ್ ಬುಳಕ್ ಅಂದ್ರೆ ನೀರೈತೆ, ಪಕ್ಕಕ್ಕಿಡು. ಹುಟ್ಟಿದಾಗಿಂದ ಇದೇ ಕೆಲಸ ಮಾಡಿರೋ ಕೈ ಅದು. ಹೊತ್ತು ಮುಳುಗ್ತಿದೆ, ಕೆರೆ ಒಡಲೆಲ್ಲಾ ಕೆಂಪು, ಮುಖವಾಡದೊಳಗೆ ಬೆವರು ಕಣ್ಣಿಗಿಳೀತಿದೆ, ತೂತಿನಿಂದ 'ಆಕ್ಷನ್' ಅಂತ ಕೇಳುಸ್ತು, ಬಗ್ಗಿ ಎತ್ಕೊಂಡ, ಎತ್ಕೊಂಡ ಕೈ ಅದರ ಪಾಡಿಗದು ಕಿವಿಗೆ ಹೋಯ್ತು, ಅಲ್ಲಾಡಿಸ್ತು. ತಳಕ್ ಬುಳಕ್. ಒಡೀಬೇಕು ಅನ್ನೋದು ತಲೇಲಿತ್ತು. ಕೈ ಕೇಳಲಿಲ್ಲ. ನೆಲ ನೋಡ್ಕೊಂಡು ಮೆತ್ತಗೆ ಪಕ್ಕಕ್ಕಿಟ್ಟು, ಎದ್ದು, ನಡೆದುಬಿಟ್ಟ. ಬಲು ದೂರ ಹೋದ್ಮೇಲೆ ನೆಪ್ಪಾಗಿ ತಿರುಗಿ ನೋಡಿದ್ರೆ ಸೂರ್ಯಪ್ರಕಾಶ್ ಕ್ಯಾಮೆರಾ ಪಕ್ಕ ಹಂಗೇ ನಿಂತವ್ರೆ. ಬೈಲಿಲ್ಲ. ವಾಪಸ್ ಬಂದು, ಇನ್ನೊಂದು ಸಲ ಮಾಡಣ ಸಾರ್ ಅಂದ ಇವನು. ಅವರು ಮುಳುಗಿದ ಹೊತ್ತಿನ ಕಡೆ ಕೈ ತೋರ್ಸಿ, ಸಾಕು ಬಿಡಿ ಅಂದ್ರು. ಆ 'ಸಾಕು' ಅನ್ನೋದರ ಒಳಗೆ ಏನಿತ್ತು ಅಂತ ಮರುಳಸಿದ್ದಯ್ಯ ಎಷ್ಟು ಸಲ ಅಲ್ಲಾಡಿಸಿ ನೋಡಿದ್ರೂ ಸದ್ದು ಬರಲಿಲ್ಲ.

ಇವತ್ತು ತಿಪಟೂರಿಗೆ ಹೋಗೋ ಬಸ್ಸಲ್ಲಿ ವೆಂಕಟಯ್ಯ ಸಿಕ್ದ. ಮಂಡೀಲಿ ದಲ್ಲಾಳಿ ಆಗಿದ್ದೋನು, ಬಾಯಿ ಮಾತ್ರ ಇನ್ನೂ ರಿಟೈರ್ ಆಗಿಲ್ಲ. ಹಿಂದಿನ ಸೀಟಿಂದ ಬಗ್ಗಿ, 'ಏನ್ಲಾ ಮರುಳಸಿದ್ದ, ಭೂಮಿ ಒಣಗೈತಾ?' ಅಂದ.

'ನಿನ್ ತಲೆ ಕೊಡು ಅಲ್ಲಾಡಿಸಿ ಹೇಳ್ತೀನಿ.'

'ನನ್ನ ತಲೇಲಿ ಇನ್ನೂ ನೀರೈತೆ ಕಣ್ಲಾ, ಪಕ್ಕಕ್ಕಿಡು.'

ಬಸ್ಸಲ್ಲಿದ್ದ ಮೂರು ಜನ ನಕ್ರು. ಮೀನಾಕ್ಷಮ್ಮ ಕಿಟಕಿ ಆಚೆ ನೋಡ್ತಿದ್ಲು. ಅವಳ ಕೆನ್ನೆ ಅಲ್ಲಾಡ್ತಾ ಅಂತ ಇವನು ಓರೆಗಣ್ಣಲ್ಲಿ ನೋಡ್ದ. ಇಳಿವಯಸ್ಸಲ್ಲಿ ಹೆಂಡ್ತಿ ಕೆನ್ನೆ ಕಾಯ್ತಾ ಕೂತವ್ನೆ, ನಾಚಿಕೆಗೇಡು ಅಂತ ಅವನಿಗೇ ಅನ್ನುಸ್ತು. ಆದ್ರೂ ನೋಡ್ದ. ಸಿನಿಮಾ ಬಂದ ದಿನಾನೂ ಹಿಂಗೇ ಓರೆಗಣ್ಣಲ್ಲಿ ನೋಡ್ತಾನೇ ಇದ್ದ. ಟಾಕೀಸಲ್ಲಿ ಹೆಂಗಸ್ರ ಕಡೆ ಕೂರ್ದೆ ಅವಳು ಇವನ ಪಕ್ಕಾನೇ ಕೂತಿದ್ಲು, ಹಸಿರು ಸೀರೆ. ಒಂದು ಪಾರ್ಟು ಮಾಡೀನಿ ಕಣೇ, ಯಾವ್ದು ಅಂತ ನೀನೇ ಕಂಡುಹಿಡಿ ಅಂದಿದ್ದ. ಊರಲ್ಲೂ ಯಾರಿಗೂ ಬಾಯಿ ಬಿಟ್ಟಿರ್ಲಿಲ್ಲ, ಕೊನೇಲಿ ಆ ರಾಕ್ಷಸ ನಾನೇ ಅಂತ ಹೇಳಿ ಎಲ್ರನ್ನೂ ಬೆಚ್ಚಿ ಬೀಳಿಸಣ ಅಂತಿದ್ದ. ಅವಳು ಪಾಪ ಸೈನಿಕರ ಗುಂಪು ಬಂದಾಗೆಲ್ಲಾ ಕತ್ತು ಉದ್ದ ಮಾಡ್ಕೊಂಡು ಹುಡುಕ್ತಿದ್ಲು, ಇವ್ರಾ, ಆ ಮೂಲೇಲಿರೋರಾ ಅಂತ. ಗ್ರಹಬಾಕ ಬಂದ. ಟಾಕೀಸು ಉಸಿರು ಬಿಡಲಿಲ್ಲ. ಬಗ್ಗಿದ, ಭೂಮಿ ಎತ್ಕೊಂಡ, ಕಿವಿಗೆ ಹಿಡ್ಕೊಂಡು ಅಲ್ಲಾಡಿಸ್ದ. ಪಕ್ಕದಲ್ಲಿ ಕಿಸಕ್ ಅಂತು. ಮೊದ್ಲು ಅವಳೇ. ಆಮೇಲೆ ಅದು ಸಾಲಿಂದ ಸಾಲಿಗೆ ಹಬ್ಬಿ, ಇಡೀ ಟಾಕೀಸು ಬಿದ್ದು ಬಿದ್ದು ನಕ್ಕಿತು, ಯಾಕಂದ್ರೆ ಅಲ್ಲಿ ಕೂತಿದ್ದ ಪ್ರತಿಯೊಬ್ಬನೂ ಬೆಳಿಗ್ಗೆ ಅದನ್ನೇ ಮಾಡಿ ಬಂದಿದ್ದ. ಇದೇ ಕೆಲಸನ ಬೇರೆ ಊರಲ್ಲಿ ತೋರ್ಸಿದ್ರೆ ಯಾವನಿಗೂ ಏನೂ ಗೊತ್ತಾಗ್ತಿರ್ಲಿಲ್ಲ. ಮರುಳಸಿದ್ದಯ್ಯ ಎದ್ದ. ಸುಮ್ನೆ ಕೂತಿದ್ರೆ ಯಾರಿಗೂ ತಿಳೀತಿರ್ಲಿಲ್ಲ. ಎದ್ದು, ಪರದೆ ಬೆಳಕಿಗೆ ಅಡ್ಡ ಬಂದು, ಬಾಗಿಲ ಕಡೆ ನಡೆದ. ಅದೇ ಎತ್ತರ, ಅದೇ ನಡಿಗೆ. 'ಲೇ, ಇವ್ನೇ ಕಣ್ಲಾ' ಅಂತ ವೆಂಕಟಯ್ಯ ಕೂಗಿದ್ದು ಇವತ್ತಿಗೂ ಬೆನ್ನಲ್ಲೈತೆ.

ಮುಂದೆ ಏನಾಯ್ತು ಅಂತ ಅವನು ನೋಡಲೇ ಇಲ್ಲ. ಬೇರೆಯವ್ರು ಹೇಳಿದ್ದು. ಹೀರೋ ಏನೂ ಮಾಡ್ಲಿಲ್ವಂತೆ, ರಾಕ್ಷಸ ಭೂಮೀನ ಪಕ್ಕಕ್ಕಿಟ್ಟು ಹೊಂಟೋದನಂತೆ, ಅಲ್ಲಿಗೇ ಮುಗಿದೋಯ್ತಂತೆ. ತುಮಕೂರಲ್ಲಿ ಜನ ಕುರ್ಚಿ ಹರಿದ್ರಂತೆ. ಮೂರು ಭಾಗ ಕಾಯಿಸಿ ಇದಾ ಅಂತ. ಸೂರ್ಯಪ್ರಕಾಶ್ ಅದಾದ್ಮೇಲೆ ಇನ್ನೊಂದು ಸಿನಿಮಾ ಮಾಡಲಿಲ್ಲ. ಮರುಳಸಿದ್ದಯ್ಯ ಇದನ್ನ ಯಾರ ಹತ್ರಾನೂ ಆಡಲಿಲ್ಲ, ಆದ್ರೆ ಕಾಯಿ ಒಡೆಯೋ ಕಾಲ ಬಂದಾಗೆಲ್ಲಾ, ಕಿವಿ ಹತ್ರ ಕೈ ಹೋದಾಗೆಲ್ಲಾ, ನನ್ನ ಕೈ ಒಬ್ಬ ಮನುಷ್ಯನ ಕಸುಬು ತಿಂತು ಅಂತ ಒಳಗೆ ಒಂದು ಸಣ್ಣ ಕುಟುಕು. ಹೆಂಡ್ತಿ ಜೊತೆ ಆಮೇಲೆ ಒಂದೇ ಒಂದು ಸಿನಿಮಾಕ್ಕೂ ಹೋಗಲಿಲ್ಲ. ಅವಳು ಕರೀತಿದ್ಲು. ಇವನಿಗೆ ಅವತ್ತೇ ತೋಟಕ್ಕೆ ನೀರು ಬಿಡೋದಿರ್ತಿತ್ತು.

ಗೋಡೌನಲ್ಲಿ ಮೂಟೆಗಳನ್ನ ಗೋಡೆಗೆ ಒಟ್ಟಿ ಕುರ್ಚಿ ಹಾಕಿದ್ರು. ಕಿಟಕಿಗೆಲ್ಲಾ ಟಾರ್ಪಾಲು. ಕೊಬ್ಬರಿ ವಾಸನೆ ಮೂಗಿಗೆ ಅಡರ್ತಿತ್ತು. ಬೆಂಗ್ಳೂರಿಂದ ಬಂದ ಹುಡುಗ್ರು ಮುಂದೆ, ಊರಿನ ಹಳಬರು ಹಿಂದೆ. ಧನ್ಯಶ್ರೀ ಬಾಗಿಲಲ್ಲೇ ಕೈ ಮುಗಿದ್ಲು, ಮೂಗು ಥೇಟ್ ಅಪ್ಪಂದೇ. 'ಸಾರ್, ಮುಗಿದ್ಮೇಲೆ ನಿಮ್ಮನ್ನ ಒಂದು ಕೇಳ್ಬೇಕು, ಎಲ್ಲರ ಮುಂದೆ' ಅಂದ್ಲು. ಕೇಳ್ತಾಳೆ. ಯಾಕೆ ಒಡೀಲಿಲ್ಲ ಅಂತ ಕೇಳ್ತಾಳೆ. ಕೇಳೋ ಹಕ್ಕು ಅವಳಿಗೈತೆ. ಮರುಳಸಿದ್ದಯ್ಯ ಬಾಗಿಲ ಪಕ್ಕದ ಕುರ್ಚಿ ಹಿಡ್ಕೊಂಡ. ಮೀನಾಕ್ಷಮ್ಮ ಅವನನ್ನ ದಾಟಿ ಒಳಗೆ ಕೂತು, 'ಇಲ್ಲಿ ಗಾಳಿ ಬರಲ್ಲ ಕಣ್ರೀ' ಅಂದ್ಲು, ಅಂದ್ರೂ ಅಲ್ಲೇ ಕೂತ್ಲು.

ಸಿನಿಮಾ ಶುರುವಾಯ್ತು. ಕೆಟ್ಟದ್ದೇ ಅಂದ್ನಲ್ಲ, ಅದೇ ಎಣ್ಣೆ ಡಬ್ಬ, ಅದೇ ಬಂಡೆ. ಆದ್ರೆ ವಯಸ್ಸಾದ ಕಣ್ಣಿಗೆ ಬೇರೆ ಏನೇನೋ ಕಾಣುಸ್ತದೆ. ಕೆರೆ ಒಡಲು. ಆ ಬಿರುಕುಗಳ ಮೇಲೆ ಕ್ಯಾಮೆರಾ ಅವಸರ ಇಲ್ದೆ ಹೋಗ್ತಾ ಹೋಗ್ತಾ, ಒಂದು ಒಣಗಿದ ಮೀನಿನ ಹತ್ರ ನಿಂತ್ಕತದೆ, ಯಾರೂ ಮಾತಾಡಲ್ಲ. ಅವತ್ತು ಜನ ಇಲ್ಲೇ 'ರೀಲು ಸಿಕ್ಕಾಕ್ಕೊಂಡೈತೆ' ಅಂತ ಸಿಳ್ಳೆ ಹೊಡೆದಿದ್ರು. ಈಗ ಹುಡುಗ್ರು ಅಲ್ಲಾಡ್ದೆ ನೋಡ್ತವ್ರೆ. ಮರುಳಸಿದ್ದಯ್ಯಂಗೂ ಆ ಮೀನು ನೆಪ್ಪಾಯ್ತು, ಅದನ್ನ ತುಳೀಬ್ಯಾಡಿ ಅಂತ ಸೂರ್ಯಪ್ರಕಾಶ್ ಸುತ್ತ ಕಲ್ಲಿಟ್ಟಿದ್ರು. ಈ ಮನುಷ್ಯನ ಕಣ್ಣಲ್ಲಿ ಏನೋ ಇತ್ತು, ಡಬ್ಬ ರಾಕೆಟ್ಟು ಕಟ್ಟಿದ ಕೈಯೇ ಈ ಮೀನನ್ನೂ ತೋರಿಸ್ತು. ಹಂಗಂತ ಸಿನಿಮಾ ಒಳ್ಳೇದು ಅಂತಲ್ಲ. ಹೀರೋ ಮತ್ತೆ ಬಂಡೆಗೆ ಒರಗಿದ. ಇನ್ನೇನು ಆ ಸೀನು ಬತ್ತದೆ. ಸೈನಿಕರು ಓಡಿದ್ರು, ಹೊಗೆ ಬಂತು. ಮರುಳಸಿದ್ದಯ್ಯ ಪರದೆ ನೋಡಲಿಲ್ಲ, ಪಕ್ಕದ ಉಸಿರು ಕೇಳ್ತಿದ್ದ. ಹಿಂದೆ ವೆಂಕಟಯ್ಯ ಗಂಟಲು ಸರಿ ಮಾಡ್ಕೊಂಡ. ಅಲ್ಲಿ ಗ್ರಹಬಾಕ ಬಗ್ಗಿದ. ಎತ್ಕೊಂಡ. ಕಿವಿಗೆ ಹಿಡ್ಕೊಂಡ.

ಯಾರೂ ನಗಲಿಲ್ಲ.

ಮುಂದಿನ ಹುಡುಗ್ರು ಕಲ್ಲಾಗಿದ್ರು. ಹಿಂದಿನ ಹಳಬರು, ಬೆಂಗ್ಳೂರಿನೋರ ಮುಂದೆ ನಗಬಾರ್ದೋ ಏನೋ ಅಂತ, ಕೆಮ್ಮಿ ಸುಮ್ನಾದ್ರು. ಮೀನಾಕ್ಷಮ್ಮ ಸೆರಗಿನ ತುದಿ ಬಾಯಿಗೆ ಒತ್ಕೊಂಡಿದ್ಲು, ಸದ್ದಿಲ್ಲ. ಬೇಡ ಬೇಡ ಅಂತಿದ್ದ ನಗು ಬರ್ದೇ ಹೋದಾಗ ಮರುಳಸಿದ್ದಯ್ಯಂಗೆ ಹಗುರ ಆಗ್ಬೇಕಿತ್ತು, ಆಗಲಿಲ್ಲ. ತಡ್ಕೊಂಡವ್ಳೆ, ನನಗೋಸ್ಕರ ತಡ್ಕೊಂಡವ್ಳೆ ಅಂತ ಇನ್ನೂ ಉರೀತು. ಆ ಉರಿಯಲ್ಲೇ ಕತ್ತೆತ್ತಿ ಮುಂದಿನದನ್ನ ನೋಡ್ದ, ಮೊದಲನೇ ಸಲ. ಅಷ್ಟು ದೊಡ್ಡ ರಾಕ್ಷಸ ಮಂಡಿ ಊರಿ, ಮಣ್ಣಲ್ಲಿ ಕೈಯಾಡಿಸಿ ಕಲ್ಲು ಸರಿಸಿ, ಭೂಮೀನ ಮಲಗಿಸ್ತಾನೆ. ಕಲ್ಲು ಸರಿಸಿದ್ದು ಅವನಿಗೆ ನೆಪ್ಪೇ ಇರ್ಲಿಲ್ಲ. ಎದ್ದು ಹೋಗ್ತಾನೆ. ಅವನು ಚುಕ್ಕಿ ಆಗೋವರ್ಗೂ ಕ್ಯಾಮೆರಾ ಆಫ್ ಮಾಡಿಲ್ಲ. ಆಮೇಲೆ ಬೆಳ್ಳಿ ಉಂಡೆ ಒಂದೇ, ಕೆಂಪು ನೆಲದ ಮೇಲೆ. ಮುಗೀತು.

ದೀಪ ಹಾಕಿದ್ರು. ಹುಡುಗ್ರು ಚಪ್ಪಾಳೆ ಹೊಡೆದ್ರು, ಅವನನ್ನ ಮುಂದೆ ಕರೆದ್ರು. ಹೋದ. ಬಿಳೀ ಷರಟು ಬೆನ್ನಿಗೆ ಅಂಟಿತ್ತು. ಧನ್ಯಶ್ರೀ ಮೈಕ್ ಹಿಡ್ಕೊಂಡು, 'ಒಡಿಯೋದು ಅಂತ ಅಪ್ಪ ಬರೆದಿದ್ರು. ನೀವು ಯಾಕೆ ಒಡೀಲಿಲ್ಲ ಸಾರ್?' ಅಂದ್ಲು. ಬಂತಲ್ಲ. ದೊಡ್ಡ ಮಾತೇನಾದ್ರೂ ಆಡ್ಬೋದಿತ್ತು, ಲೋಕ ಗೀಕ ಅಂತ. ಇದ್ದದ್ದನ್ನೇ ಹೇಳ್ದ.

'ನೀರಿತ್ತು ಕಣವ್ವ. ನೀರಿರೋ ಕಾಯಿ ಒಡೆದ್ರೆ ದಂಡ. ಅಭ್ಯಾಸ ಬಲ, ಇಟ್ಟುಬಿಟ್ಟೆ. ನಿಮ್ಮಪ್ಪನ ಸಿನಿಮಾ ಹಾಳಾಗಿದ್ದು ಹಂಗೆ.'

ಅವಳು ಮೇಜಿನ ಕೆಳಗಿಂದ ಬಟ್ಟೆ ಚೀಲ ತೆಗೆದು, ಅದರೊಳಗಿಂದ ಒಂದು ಕಾಯಿ ತೆಗೆದ್ಲು. ಅದೇ. ಬೆಳ್ಳಿ ಬಣ್ಣ ಚಕ್ಕೆ ಎದ್ದು ಒಳಗಿನ ಮಟ್ಟೆ ಕಾಣ್ತಿತ್ತು. 'ಹಾಳು ಅಂತ ಅಪ್ಪ ಯಾವತ್ತೂ ಅನ್ನಲಿಲ್ಲ ಸಾರ್. ಮಾಡಿದ್ರಲ್ಲಿ ಅದೊಂದು ಶಾಟ್ ಸಾಕು ಅನ್ನೋರು. ಇದನ್ನ ಮೇಜಿನ ಮೇಲೇ ಇಟ್ಕೊಂಡಿದ್ರು. ಆಗಾಗ ಕಿವಿಗಿಟ್ಕೊಂಡು ಅಲ್ಲಾಡಿಸೋರು. ಯಾಕಪ್ಪ ಅಂದ್ರೆ, ಆ ಮನುಷ್ಯ ಏನು ಕೇಳಿಸ್ಕೊಂಡ ಅಂತ ನೋಡ್ತಿದೀನಿ ಅನ್ನೋರು.'

ಮರುಳಸಿದ್ದಯ್ಯ ಎರಡೂ ಕೈಯಲ್ಲಿ ಇಸ್ಕೊಂಡ. ತೂಕ ಇಳಿದುಹೋಗಿತ್ತು. ಸಾಕು ಬಿಡಿ ಅಂದಿದ್ರಲ್ಲ, ಆ ಸಾಕು. ಹುಡುಗ್ರು ಫೋನ್ ಎತ್ತಿ ಹಿಡಿದಿದ್ರು, ಅಲ್ಲಾಡಿಸಬಾರ್ದು ಇವರ ಮುಂದೆ ಅಂತ ಅಂದ್ಕೋತಾನೇ ಇದ್ದ, ಕೈ ಅದರ ಪಾಡಿಗದು ಬಲಗಿವಿಗೆ ಹೋಯ್ತು.

ಗಡಗಡ.

ಕಿಸಕ್ ಅಂತು. ಬಾಗಿಲ ಹತ್ರದ ಕುರ್ಚಿಯಿಂದ. ಮೊದ್ಲು ಅವಳೇ. ಹಿಂದಿನ ಸಾಲಿನ ಹಳಬರಿಗೆ ಅಷ್ಟೇ ಸಾಕಾಗಿತ್ತು, ತಡ್ಕೊಂಡಿದ್ದೆಲ್ಲಾ ಒಟ್ಟಿಗೆ ಬಂತು, ಮೂಟೆಗಳ ನಡುವೆ ಅದೇ ನಗು, ವೆಂಕಟಯ್ಯ 'ಆಗೈತಲ್ಲಾ, ಇನ್ಯಾವಾಗ ಒಡೀತೀಯಾ' ಅಂತ ಕೂಗ್ದ. ಧನ್ಯಶ್ರೀಗೂ ನಗು ತಡೆಯಕ್ಕಾಗಲಿಲ್ಲ. ಮರುಳಸಿದ್ದಯ್ಯ ನಡೆದ. ಆ ಬಾಗಿಲ ಕಡೆಗೇ ನಡೆದ, ಅದೇ ನಡಿಗೆ, ಜನಕ್ಕೆ ಮತ್ತೆ ಎದ್ದು ಹೊಂಟ ಅಂತಾನೇ ಅನ್ನುಸ್ತು. ಹೆಂಡ್ತಿ ಕುರ್ಚಿ ಮುಂದೆ ನಿಂತ.

'ಏನೇ ಅಷ್ಟು ನಗೋದು?' ಅಂದ. ಮೂವತ್ತು ವರ್ಷದ್ದು ಆ ಪ್ರಶ್ನೆ.

ಮೀನಾಕ್ಷಮ್ಮ ಸೆರಗಲ್ಲಿ ಕಣ್ಣೊರೆಸ್ಕೊಂಡ್ಲು. 'ಅವತ್ತು ಇದಕ್ಕೇ ನಕ್ಕಿದ್ದು ಕಣ್ರೀ. ಎಲ್ಲಿದೀರೋ ಅಂತ ಸಿನಿಮಾ ಪೂರ್ತಿ ಹುಡುಕಿ ಹುಡುಕಿ ಸಾಕಾಗಿತ್ತು. ಆ ಭೂತ ಕಾಯಿ ಎತ್ತಿ ಕಿವಿಗಿಟ್ಕೊಂತಲ್ಲ, ಅಯ್ಯೋ ನಮ್ಮನೆಯವ್ರು ಅಂತ ಗೊತ್ತಾಗೋಯ್ತು. ನಿಮ್ಮ ಕೈ ನನಗೆ ಗೊತ್ತಾಗಲ್ವಾ. ಹೇಳಣ ಅಂತ ತಿರುಗಿದ್ರೆ ನೀವು ಎದ್ದು ಹೋಗಿದ್ರಿ.'

ಅವನು ಕಾಯಿ ಅವಳ ಮಡಿಲಿಗಿಟ್ಟು, ಪಕ್ಕದ ಕುರ್ಚಿ ಮೇಲೆ ಕೂತ್ಕಂಡ. ಅವಳು ಅದನ್ನ ಎತ್ತಿ ಕಿವಿಗೆ ಹಿಡ್ಕೊಂಡು ಒಂದು ಸಲ ಅಲ್ಲಾಡಿಸಿದ್ಲು. ಮುಂದೆ ಯಾರೋ ಹುಡುಗ ಎದ್ದು ಸಿನಿಮಾ ಬಗ್ಗೆ ಮಾತಾಡ್ತಿದ್ದ.